ಕ್ಯಾಮೆರಾದ ತಳದಲ್ಲಿ ಬರೆದ ಊರು

"ಅಣ್ಣಾ, ಇದು ಜಪಾನ್ ಪೀಸಾ, ಥೈಲ್ಯಾಂಡ್ ಪೀಸಾ?"

ಬಳ್ಳಾರಿಯ ಕ್ಯಾಮೆರಾ ಅಂಗಡಿಗಳಲ್ಲಿ ಬೆಲೆ ಕೇಳುವುದಕ್ಕೂ ಮೊದಲು ಬರುವ ಪ್ರಶ್ನೆ ಇದು. ಕೇಳುವವರನ್ನು ನೋಡಿ ನಗುವಂತಿಲ್ಲ. ಮದುವೆ ಸೀಸನ್ ನಂಬಿ ಎರಡು-ಮೂರು ಲಕ್ಷ ಸಾಲ ಮಾಡಿ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೊಳ್ಳುವ ಸ್ಟುಡಿಯೋದವರು ಕ್ಯಾಮೆರಾವನ್ನು ಬೋರಲು ಹಾಕಿ ತಳದ ಅಕ್ಷರ ಓದಿದರೆ ಅದು ದುಡ್ಡಿನ ಮೇಲಿನ ಕಾಳಜಿ. ಆ ಒಂದು ಸಾಲಿನಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎನ್ನುವುದನ್ನು ಮಾತ್ರ ಸರಿಯಾಗಿ ಗೊತ್ತುಮಾಡಿಕೊಳ್ಳಬೇಕು.

ಇದು ಅರ್ಥವಾಗಲು ಬಳ್ಳಾರಿಯವರು ದೂರ ಹೋಗಬೇಕಿಲ್ಲ, ನಮ್ಮೂರಿನ ಜೀನ್ಸ್ ಪ್ಯಾಂಟ್ ಸಾಕು. ಡೆನಿಮ್ ಬಟ್ಟೆ ಅಹಮದಾಬಾದಿನ ಮಿಲ್‌ನಿಂದ ಬಂದಿರಬಹುದು. ಜಿಪ್, ಗುಂಡಿ, ರಿವೆಟ್ ಇನ್ನೆಲ್ಲಿಂದಲೋ ಬಂದಿರುತ್ತವೆ. ಕತ್ತರಿಸಿ ಹೊಲಿದು ವಾಷಿಂಗ್ ಮಾಡಿದ್ದು ಇಲ್ಲಿ, ಲೇಬಲ್ ಮಾತ್ರ ಆರ್ಡರ್ ಕೊಟ್ಟ ಕಂಪನಿಯದು. ಒಂದೇ ಮಷಿನ್ ಮೇಲೆ ಬೆಳಿಗ್ಗೆ ಐನೂರು ರೂಪಾಯಿಯ ಪ್ಯಾಂಟ್, ಮಧ್ಯಾಹ್ನ ಎರಡು ಸಾವಿರದ್ದು ಹೊಲಿಯುತ್ತಾರೆ. ಹೊಲಿಗೆಯವರು ಅವರೇ, ಊರೂ ಅದೇ. ಬಟ್ಟೆಯ ತೂಕ, ಒಂದು ಇಂಚಿಗೆ ಎಷ್ಟು ಹೊಲಿಗೆ, ಎಷ್ಟು ಪೀಸ್ ರಿಜೆಕ್ಟ್ ಮಾಡಲು ಕಂಪನಿ ತಯಾರಿದೆ ಎನ್ನುವುದರಲ್ಲಿ ವ್ಯತ್ಯಾಸ ಬರುತ್ತದೆ. ಕ್ಯಾಮೆರಾದ ತಳದಲ್ಲಿ 'ಮೇಡ್ ಇನ್' ಎಂದು ಬರೆದಿರುವುದೂ ಹೆಚ್ಚುಕಡಿಮೆ ಹೊಲಿದ ಊರಿನ ಹೆಸರೇ. ಬಿಡಿಭಾಗಗಳೆಲ್ಲ ಒಟ್ಟುಗೂಡಿ ಕ್ಯಾಮೆರಾ ಅನ್ನಿಸಿಕೊಂಡ ಕೊನೆಯ ಮುಖ್ಯ ಹಂತ ಯಾವ ದೇಶದಲ್ಲಿ ಆಯಿತೋ ಆ ದೇಶದ ಹೆಸರು ಅಲ್ಲಿ ಬರುತ್ತದೆ.

ಇಂಥ ಗುರುತುಗಳಿಗೆ ಗೌರವ ಮೊದಲಿನಿಂದಲೂ ಇರಲಿಲ್ಲ. 'ಮೇಡ್ ಇನ್ ಜರ್ಮನಿ' ಎಂಬ ಮುದ್ರೆ ಹರಡಿದ್ದು 1887ರ ಬ್ರಿಟಿಷ್ ಕಾನೂನಿನಿಂದ. ವಿದೇಶಿ ಸರಕು ಬ್ರಿಟಿಷ್ ಸರಕಿನ ವೇಷದಲ್ಲಿ ಮಾರಾಟವಾಗದಿರಲಿ, ಗಿರಾಕಿ ಎಚ್ಚರವಾಗಿರಲಿ ಎಂಬುದು ಅದರ ಉದ್ದೇಶ. ಎರಡನೇ ಮಹಾಯುದ್ಧದ ನಂತರ ತಯಾರಾದ ಮೊದಲ ನಿಕಾನ್ ಕ್ಯಾಮೆರಾಗಳ ಮೇಲೆ 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಎಂದು ಕೆತ್ತಿರುತ್ತಿತ್ತು. ಆಗ ಜಪಾನಿನ ಲೆನ್ಸ್ ಎಂದರೆ ಜರ್ಮನಿಯ ನಕಲು ಎನ್ನುವ ಭಾವನೆ. 1950ರಲ್ಲಿ ಲೈಫ್ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೋದಲ್ಲಿ ನಿಕಾನ್ ಕಂಪನಿಯ ನಿಕ್ಕೋರ್ ಲೆನ್ಸ್ ಬಳಸಿ ನೋಡಿ, ಕೊರಿಯಾ ಯುದ್ಧದ ಚಿತ್ರಗಳನ್ನು ಅದರಲ್ಲೇ ತೆಗೆದ ಮೇಲೆ ಆ ಭಾವನೆ ಬದಲಾಗತೊಡಗಿತು. ರಫ್ತಾಗುವ ಪ್ರತಿ ಮಾದರಿಯ ಗುಣಮಟ್ಟ ಪರೀಕ್ಷಿಸಲು ಜಪಾನಿನವರು 1954ರಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿದರು. ಹಳೆಯ ಕ್ಯಾಮೆರಾಗಳ ಮೇಲೆ ಈಗಲೂ ಕಾಣುವ ಚಿನ್ನದ ಬಣ್ಣದ ಮೊಟ್ಟೆಯಾಕಾರದ 'ಪಾಸ್ಡ್' ಸ್ಟಿಕ್ಕರ್ ಆ ಸಂಸ್ಥೆಯದು. ಇವತ್ತು ನಾವು ಜಪಾನ್ ಎಂದ ಕೂಡಲೇ ನಂಬುವುದಕ್ಕೆ ಆ ಹತ್ತಾರು ವರ್ಷಗಳ ತಪಾಸಣೆ ಕಾರಣ.

ಈಗ ಯಾವುದು ಎಲ್ಲಿ ತಯಾರಾಗುತ್ತದೆ ನೋಡೋಣ. ನಿಕಾನ್ ಥೈಲ್ಯಾಂಡಿನ ಅಯುತ್ತಾಯದಲ್ಲಿ 1990ರಿಂದ ಬೇರೂರಿದೆ. ಜಪಾನಿನ ಸೆಂಡಾಯ್‌ನಲ್ಲಿದ್ದ ಬಾಡಿ ಜೋಡಣೆಯ ಕೆಲಸವನ್ನೂ ಕಂಪನಿ ಅಲ್ಲಿಗೇ ಸಾಗಿಸಿತು. ಅದರ ಅತ್ಯಂತ ದುಬಾರಿ, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಬಾಡಿಯಾದ ಝಡ್9ರ ತಳದಲ್ಲೂ ಥೈಲ್ಯಾಂಡ್ ಎಂದೇ ಇದೆ. ಸೋನಿಗೆ ಥೈಲ್ಯಾಂಡ್ ಮತ್ತು ಚೀನಾ ಎರಡರಲ್ಲೂ ಕಾರ್ಖಾನೆಗಳಿವೆ. ಕ್ಯಾನನ್ ಮೇಲ್ದರ್ಜೆಯ ಬಾಡಿಗಳನ್ನು ಜಪಾನಿನ ಓಯಿಟಾದಲ್ಲಿ, ದುಬಾರಿ ಎಲ್ ಸರಣಿಯ ಲೆನ್ಸ್‌ಗಳನ್ನು ಉತ್ಸುನೊಮಿಯಾದಲ್ಲಿ ಉಳಿಸಿಕೊಂಡಿದೆ. ಅದಕ್ಕೆ ತೈವಾನ್, ಮಲೇಷ್ಯಾಗಳಲ್ಲೂ ಕಾರ್ಖಾನೆ ಉಂಟು. ಫ್ಯೂಜಿಯ ಎಕ್ಸ್100ವಿ ಜಪಾನಿನದು, ಅದರ ನಂತರ 2024ರಲ್ಲಿ ಬಂದ ಎಕ್ಸ್100ವಿಐ ಚೀನಾದ್ದು. ಲೈಕಾ ಎಂದರೆ ಜರ್ಮನಿಯ ವೆಟ್ಸ್‌ಲರ್ ಎನ್ನುತ್ತೇವೆ, ಆದರೆ 1973ರಿಂದ ಪೋರ್ಚುಗಲ್‌ನಲ್ಲೂ ಅದಕ್ಕೊಂದು ಕಾರ್ಖಾನೆಯಿದೆ. ಕೈಕೆಲಸ ಹೆಚ್ಚು ಬೇಡುವ ಎಷ್ಟೋ ಭಾಗಗಳು ಅಲ್ಲಿ ತಯಾರಾಗಿ ಕೊನೆಯ ಜೋಡಣೆಗೆ ವೆಟ್ಸ್‌ಲರ್‌ಗೆ ಬರುತ್ತವೆ.

ಒಳಗಿನ ಭಾಗಗಳ ಕಥೆ ಇನ್ನೂ ಬೇರೆ. ಕ್ಯಾಮೆರಾದಲ್ಲಿ ಅತಿ ಮುಖ್ಯವಾದ, ಬೆಳಕನ್ನು ಚಿತ್ರವಾಗಿಸುವ ಸೆನ್ಸರ್, ಹಲವು ಕಂಪನಿಗಳ ಬಾಡಿಗಳಿಗೆ, ಬರುವುದು ಸೋನಿಯಿಂದಲೇ. 2016ರ ಏಪ್ರಿಲ್‌ನಲ್ಲಿ ಕುಮಾಮೊಟೊದಲ್ಲಿ ಭೂಕಂಪವಾಗಿ ಅಲ್ಲಿನ ಸೋನಿ ಸೆನ್ಸರ್ ಕಾರ್ಖಾನೆ ನಿಂತಾಗ ಬೇರೆ ಕಂಪನಿಗಳ ಕ್ಯಾಮೆರಾಗಳೂ ತಡವಾದವು. ಅದಕ್ಕೂ ಮುಂಚೆ, 2011ರ ಮಾರ್ಚ್‌ನ ಭೂಕಂಪ ನಿಕಾನ್‌ನ ಸೆಂಡಾಯ್ ಕಾರ್ಖಾನೆಯನ್ನು ನಿಲ್ಲಿಸಿತ್ತು. ಅದೇ ಅಕ್ಟೋಬರ್‌ನಲ್ಲಿ ಅಯುತ್ತಾಯದ ಕಾರ್ಖಾನೆಗಳಿಗೆ ನೆರೆ ನುಗ್ಗಿ ನಿಕಾನ್, ಸೋನಿ ಎರಡೂ ಕೆಲಸ ನಿಲ್ಲಿಸಬೇಕಾಯಿತು. ಹಾಗಾಗಿ ಥೈಲ್ಯಾಂಡಿನ ಬಾಡಿಯೊಳಗೆ ಜಪಾನಿನ ಸೆನ್ಸರ್ ಇರುತ್ತದೆ, ಜಪಾನಿನ ಬಾಡಿಯೊಳಗೆ ಹೊರದೇಶದ ಬಿಡಿಭಾಗ ಇರುತ್ತದೆ.

ಜನ ಎಡವುವ ಜಾಗ ಒಂದಿದೆ. ಕ್ಯಾನನ್‌ನ ಅಗ್ಗದ 50 ಮಿ.ಮೀ. ಎಫ್/1.8 ಲೆನ್ಸ್ ಮಲೇಷ್ಯಾದ್ದು, ಲಕ್ಷ ದಾಟುವ ಎಲ್ ಲೆನ್ಸ್ ಜಪಾನಿನದು. ಎರಡನ್ನೂ ಪಕ್ಕಪಕ್ಕ ಹಿಡಿದು "ನೋಡಿ, ಮಲೇಷ್ಯಾದ್ದು ಪ್ಲಾಸ್ಟಿಕ್" ಎನ್ನುತ್ತಾರೆ. ಮಲೇಷ್ಯಾದಲ್ಲಿ ತಯಾರಾದ್ದರಿಂದ ಅದು ಪ್ಲಾಸ್ಟಿಕ್ ಆದದ್ದಲ್ಲ. ಕಡಿಮೆ ಬೆಲೆಗೆ ಲಕ್ಷಗಟ್ಟಲೆ ಬೇಕಾದ ಲೆನ್ಸನ್ನು ಪ್ಲಾಸ್ಟಿಕ್ಕಿನಲ್ಲೇ ಡಿಸೈನ್ ಮಾಡಿ, ಕೂಲಿ ಕಡಿಮೆ ಇರುವ ಕಡೆಗೆ ಕಳಿಸಿದರು. ಬೆಲೆ ಮೊದಲು ನಿಗದಿಯಾಗುತ್ತದೆ, ಊರು ಆಮೇಲೆ. ಅದೇ ಲೆನ್ಸನ್ನು ಓಯಿಟಾದಲ್ಲಿ ಜೋಡಿಸಿದ್ದರೂ ಫೋಕಸ್ ರಿಂಗ್ ಅಷ್ಟೇ ಸಡಿಲ ಇರುತ್ತಿತ್ತು.

ಹಾಗಾದರೆ ಗುಣಮಟ್ಟ ಎಂದರೇನು? ಅದು ಮೈಕ್ರಾನ್‌ಗಳ ಲೆಕ್ಕ. 45 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ (35 ಮಿ.ಮೀ. ಫಿಲಂ ಚಿತ್ರದಷ್ಟು ದೊಡ್ಡ) ಸೆನ್ಸರ್‌ನಲ್ಲಿ ಒಂದು ಪಿಕ್ಸೆಲ್ಲಿನ ಅಗಲ ಸುಮಾರು 4.4 ಮೈಕ್ರಾನ್. ಲೆನ್ಸಿನ ಬೆಳಕಿನ ಕಿಂಡಿ (ಅಪರ್ಚರ್) ಅಗಲವಾಗಿ ತೆರೆದ ಎಫ್/1.4ರಲ್ಲಿ ಫೋಕಸ್ ಸಮತಲ 6 ಮೈಕ್ರಾನ್‌ನಷ್ಟು, ಅಂದರೆ 0.006 ಮಿ.ಮೀ. ಸರಿದರೆ ಸಾಕು, ಒಂದು ಪಿಕ್ಸೆಲ್ಲಿನಷ್ಟು ಮಸುಕು ಬರುತ್ತದೆ. ತಲೆಗೂದಲಿನ ದಪ್ಪ ಸುಮಾರು 0.07 ಮಿ.ಮೀ. ಎಂದರೆ ಇದು ಕೂದಲಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಲೆನ್ಸ್ ಕೂರುವ ಮೌಂಟ್ ಒಂದು ಅಂಚಿನಲ್ಲಿ 0.02 ಮಿ.ಮೀ. ಓರೆಯಾಗಿದ್ದರೆ ಎಫ್/1.4ರಲ್ಲಿ ಚಿತ್ರದ ಆ ಬದಿ ಮೂರು ಪಿಕ್ಸೆಲ್‌ನಷ್ಟು ಹರಡುತ್ತದೆ. ಅದೇ ಓರೆ, ಕಿಂಡಿ ಕಿರಿದಾದ ಎಫ್/8ರಲ್ಲಿ, ಒಂದು ಪಿಕ್ಸೆಲ್ಲನ್ನೂ ದಾಟುವುದಿಲ್ಲ, ಕಣ್ಣಿಗೆ ಬೀಳುವುದೇ ಇಲ್ಲ. ಇಷ್ಟು ಸೂಕ್ಷ್ಮದ ಕೆಲಸವನ್ನು ಬರೀ ಕೈಗುಣ ನಂಬಿ ಯಾರೂ ಮಾಡುವುದಿಲ್ಲ. ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಜಿಗ್, ಲೇಸರ್ ಅಳತೆ, ಸಂದಿಗೆ ಇಡುವ ತೆಳು ಶಿಮ್ ಹಾಳೆ, ಕೊನೆಯಲ್ಲಿ ಪರೀಕ್ಷೆ, ಇವು ಮಾಡಿಸುತ್ತವೆ. ಜಿಗ್ ಅಯುತ್ತಾಯದಲ್ಲಿದ್ದರೂ ಸೆಂಡಾಯ್‌ನಲ್ಲಿದ್ದರೂ ಅಳತೆ ಅದೇ. ಎಷ್ಟು ಓರೆಯವರೆಗೆ ಪಾಸ್ ಮಾಡಬೇಕು ಎಂಬ ಗೆರೆಯನ್ನು ಎಳೆಯುವುದು ಕಂಪನಿ, ದೇಶವಲ್ಲ.

ಎಡವಟ್ಟುಗಳ ದಾಖಲೆ ತೆರೆದು ನೋಡಿದರೂ ದೇಶಭೇದ ಕಾಣುವುದಿಲ್ಲ. 2012ರಲ್ಲಿ ನಿಕಾನ್ ಎರಡು ಫುಲ್‌ಫ್ರೇಮ್ ಬಾಡಿಗಳನ್ನು ತಂದಿತು. ಥೈಲ್ಯಾಂಡಿನಲ್ಲಿ ಜೋಡಿಸಿದ ಡಿ600ರಲ್ಲಿ ಸೆನ್ಸರ್ ಮೇಲೆ ಎಣ್ಣೆ-ಧೂಳಿನ ಚುಕ್ಕೆಗಳು ಬಂದವು. 2013ರಲ್ಲಿ, ಬೆಳಕನ್ನು ಒಳಬಿಟ್ಟು ಮುಚ್ಚುವ ಪರದೆಯಾದ ಶಟರ್ ಬದಲಿಸಿ, ಡಿ610 ಬಂತು, 2014ರಲ್ಲಿ ಹಳೆಯ ಬಾಡಿಗಳಿಗೂ ಪುಕ್ಕಟೆಯಾಗಿ ಶಟರ್ ಬದಲಿಸಿಕೊಟ್ಟರು. "ಥೈಲ್ಯಾಂಡ್ ಅಂದ್ರೆ ಹಿಂಗೇ" ಎಂದವರು ಆಗ ಬಹಳ. ಆದರೆ ಅದೇ 2012ರಲ್ಲಿ ಬಂದ, ಜಪಾನಿನಲ್ಲೇ ಜೋಡಿಸಿದ ಡಿ800ರ ಕೆಲವು ಬಾಡಿಗಳಲ್ಲಿ ಎಡಬದಿಯ ಫೋಕಸ್ ಬಿಂದುಗಳು ಗುರಿ ತಪ್ಪುತ್ತಿದ್ದವು, ಅವನ್ನೂ ಸರ್ವಿಸ್‌ಗೆ ಕೊಟ್ಟು ಸರಿಮಾಡಿಸಬೇಕಾಯಿತು. ಜರ್ಮನಿಯ ಲೈಕಾ ಎಂ8ರಲ್ಲಿ ಕಪ್ಪು ನೈಲಾನ್ ಬಟ್ಟೆ ನೇರಳೆಯಾಗಿ ಬಂದು, ಕೊಂಡವರಿಗೆ ಕಂಪನಿಯೇ ಎರಡೆರಡು ಫಿಲ್ಟರ್ ಕೊಟ್ಟಿತು. ಎಂ9ರಲ್ಲಿ ಸೆನ್ಸರ್ ಮೇಲಿನ ಗಾಜಿಗೇ ಕಾಲಾಂತರದಲ್ಲಿ ಕೊರೆತ ಹಿಡಿದು ಸೆನ್ಸರ್ ಬದಲಿಸಬೇಕಾಯಿತು. ಆ ಸೆನ್ಸರ್ ಅಮೆರಿಕದ ಕೊಡಾಕ್ ಕಂಪನಿಯದು. ಎಲ್ಲವೂ ಡಿಸೈನ್‌ನಲ್ಲೋ, ಒಂದು ಬಿಡಿಭಾಗದಲ್ಲೋ, ಹೊಂದಾಣಿಕೆಯಲ್ಲೋ ಹುಟ್ಟಿದ ದೋಷಗಳು.

ಜಾಗಕ್ಕೆ ಬೆಲೆಯೇ ಇಲ್ಲ ಎನ್ನುವುದೂ ತಪ್ಪು. ಕೊಪ್ಪಳದ ಕಿನ್ನಾಳಕ್ಕೆ ಹೋದರೆ ಅದು ತಿಳಿಯುತ್ತದೆ. ಹಗುರ ಮರ, ಹುಣಸೆಬೀಜದ ಅಂಟು, ಸಣಬು, ಮರದ ಹೊಟ್ಟು ಇವಿಷ್ಟೂ ಬೇರೆಡೆ ಸಿಗುತ್ತವೆ, ಆದರೆ ಗೊಂಬೆಗೆ ಕಣ್ಣು ಬರೆಯುವ ಚಿತ್ರಗಾರರ ಕೈ ಆ ಊರಿನದು. ಅಲ್ಲಿ ಊರೇ ಗುಣಮಟ್ಟ, ಅದಕ್ಕಾಗಿಯೇ ಭೌಗೋಳಿಕ ಗುರುತು. ಕ್ಯಾಮೆರಾ ಲೋಕದಲ್ಲಿ ಇದಕ್ಕೆ ಹತ್ತಿರ ಬರುವುದು ಜಪಾನಿನ ಐಝು ಪ್ರದೇಶದ ಸಿಗ್ಮಾ. ಲೆನ್ಸ್‌ಗಳನ್ನೆಲ್ಲ ಅಲ್ಲೊಂದೇ ಕಡೆ ತಯಾರಿಸುತ್ತಾರೆ, 2012ರ ನಂತರದ ಹೊಸ ಸರಣಿಯ ಪ್ರತಿ ಲೆನ್ಸನ್ನೂ ತಮ್ಮದೇ ಯಂತ್ರದಲ್ಲಿಟ್ಟು ಪರೀಕ್ಷಿಸುತ್ತಾರೆ. ಡಿಸೈನ್ ಮಾಡಿದವರು, ಗಾಜು ಉಜ್ಜುವವರು, ಜೋಡಿಸುವವರು ಒಬ್ಬರಿಗೊಬ್ಬರು ಹತ್ತಿರವಿದ್ದರೆ ತಪ್ಪು ಬೇಗ ಸಿಗುತ್ತದೆ. ಮೂವತ್ತು ವರ್ಷದ ಅಯುತ್ತಾಯದಲ್ಲೂ ಅಂಥ ಅನುಭವಿ ಕೈಗಳು ತಯಾರಾಗಿವೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಊರಿನ ಹೆಸರಿಗೆ ನಿಜವಾಗಿ ದುಡ್ಡು ಬರುವುದು ಸೆಕೆಂಡ್‌ಹ್ಯಾಂಡ್ ಮಾರುವಾಗ. ರೊಲೈ 35 ಎಂಬ ಅಂಗೈಯಗಲದ ಫಿಲಂ ಕ್ಯಾಮೆರಾ 1966ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಎಪ್ಪತ್ತರ ದಶಕದ ಮೊದಲಲ್ಲೇ ಸಿಂಗಪುರಕ್ಕೆ ಹೋಯಿತು. ಡಿಸೈನ್ ಒಂದೇ ಆದರೂ ಇವತ್ತಿಗೂ ಜರ್ಮನಿ ಎಂದು ಬರೆದದ್ದಕ್ಕೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ಆದರೆ ಇದೂ ಕಟ್ಟುನಿಟ್ಟಲ್ಲ. ಲೈಕಾದ ಹೆಸರಾಂತ 50 ಮಿ.ಮೀ. ಎಫ್/1 ನಾಕ್ಟಿಲಕ್ಸನ್ನು 1976ರಲ್ಲಿ ರೂಪಿಸಿದ್ದು ಕೆನಡಾದ ಮಿಡ್‌ಲ್ಯಾಂಡ್‌ನಲ್ಲಿ, ವಾಲ್ಟರ್ ಮಾಂಡ್ಲರ್ ಕೈಯಲ್ಲಿ. ಅದರ ಮೇಲೆ ಕೆನಡಾ ಎಂದಿದ್ದರೆ ಯಾರೂ ಮೂಗು ಮುರಿಯುವುದಿಲ್ಲ. ನೀವು ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಇಪ್ಪತ್ತು ವರ್ಷದ ಮೇಲೆ ಮಾರುವವರಾದರೆ ಊರು ನೋಡಿ. ಮದುವೆ, ನಾಮಕರಣ, ಜಾತ್ರೆ ತೆಗೆಯುವವರಿಗೆ ಆ ಹೆಚ್ಚಿನ ದುಡ್ಡಿನಲ್ಲಿ ಎರಡು ಬ್ಯಾಟರಿ, ಒಂದು ಒಳ್ಳೆಯ ಫ್ಲ್ಯಾಷ್ ಬರುತ್ತದೆ.

ನಮ್ಮ ಕಡೆಯ ಬಿಸಿಲು ಮತ್ತು ಧೂಳಿನ ಮುಂದೆ ದೇಶದ ಪ್ರಶ್ನೆ ಸಣ್ಣದಾಗುತ್ತದೆ. ಬಹುತೇಕ ಕ್ಯಾಮೆರಾಗಳ ಕೈಪಿಡಿಯಲ್ಲಿ ಬಳಕೆಯ ಉಷ್ಣತೆ 0ರಿಂದ 40 ಡಿಗ್ರಿ ಎಂದಿರುತ್ತದೆ. ರಾಯಚೂರಿನ ಮೇ ತಿಂಗಳು ಆ ಗೆರೆಯನ್ನು ನೆರಳಿನಲ್ಲೇ ದಾಟುತ್ತದೆ, ಕಪ್ಪು ಬಾಡಿ ಬಿಸಿಲಿಗೆ ಇನ್ನಷ್ಟು ಕಾಯುತ್ತದೆ. 4ಕೆ ವಿಡಿಯೋ ತೆಗೆಯುವಾಗ ಬಾಡಿ ತಾನಾಗಿ ಆಫ್ ಆದರೆ ಥೈಲ್ಯಾಂಡನ್ನು ಬೈಯಬೇಡಿ. ಪೆಂಡಾಲ್ ನೆರಳಿಗೆ ಬನ್ನಿ, ಸ್ಕ್ರೀನನ್ನು ಬಾಡಿಯಿಂದ ಹೊರಕ್ಕೆ ಮಡಚಿ ಹಿಂಬದಿಗೆ ಗಾಳಿಯಾಡಲು ಬಿಡಿ, ಶಾಟ್‌ಗಳ ನಡುವೆ ಆಫ್ ಮಾಡಿ. ಬಿಳಿ ಟವೆಲ್ ಹೊದಿಸಿದರೂ ಉಪಯೋಗವಿದೆ.

ಧೂಳಿನಲ್ಲಿ ನಮ್ಮದು ವಿಶೇಷ ಜಾತಿ. ಸಂಡೂರು ಕಡೆಯ ಕೆಂಪು ಧೂಳು ಅದಿರಿನ ಪುಡಿ, ಹೆಮಟೈಟ್. ಅದರ ಗಡಸುತನ ಲೆನ್ಸ್ ಗಾಜಿಗೆ ಸರಿಸಮ, ಜೊತೆಗೆ ಬೆರೆತ ಮರಳು ಇನ್ನೂ ಗಡಸು. ಲೆನ್ಸ್ ಮೇಲೆ ಕೂತಾಗ ಅಂಗಿಯ ತುದಿಯಿಂದ ಒರೆಸಿದರೆ ಕೋಟಿಂಗ್ ಮೇಲೆ ಗೀರು ಖಚಿತ. ಮೊದಲು ಲೆನ್ಸನ್ನು ಕೆಳಮುಖ ಹಿಡಿದು ರಬ್ಬರ್ ಬ್ಲೋಯರ್‌ನಿಂದ ಹತ್ತು ಸಲ ಊದಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಬೀಳುತ್ತದೆ. ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಟಿಶ್ಯೂ ಮೇಲೆ ಒಂದು ಹನಿ ದ್ರವ ಹಾಕಿ ನಡುವಿನಿಂದ ಹೊರಕ್ಕೆ ಸುತ್ತುತ್ತ ಒರೆಸಿ. ದ್ರವವನ್ನು ನೇರವಾಗಿ ಗಾಜಿನ ಮೇಲೆ ಸುರಿದರೆ ಅಂಚಿನಿಂದ ಒಳಕ್ಕೆ ಇಳಿಯುತ್ತದೆ. ಗಿಣಿಗೇರಿ, ತೋರಣಗಲ್ಲು ಕಡೆ ಕಬ್ಬಿಣದ ಕಾರ್ಖಾನೆಗಳ ಹತ್ತಿರ ಕೆಲಸವಿದ್ದರೆ ಇನ್ನೊಂದು ಎಚ್ಚರ ಬೇಕು. ಅಲ್ಲಿನ ಧೂಳಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳಿರುತ್ತವೆ, ಈಗಿನ ಲೆನ್ಸ್‌ಗಳ ಫೋಕಸ್ ಮೋಟಾರ್‌ನಲ್ಲಿ, ಬಾಡಿಯ, ಕೈನಡುಕ ತಡೆಯುವ ಸ್ಟೆಬಿಲೈಸರ್‌ನಲ್ಲಿ ಬಲವಾದ ಅಯಸ್ಕಾಂತಗಳಿರುತ್ತವೆ. ಒಮ್ಮೆ ಒಳಗೆ ಹೋದದ್ದು ಊದಿದರೆ ಬರುವುದಿಲ್ಲ. ಅಲ್ಲಿ ಬಯಲಲ್ಲಿ ಲೆನ್ಸ್ ಬದಲಿಸಲೇಬೇಡಿ. ಎರಡು ಬಾಡಿ ಇಲ್ಲದಿದ್ದರೆ ಒಂದು ಜೂಮ್‌ನಲ್ಲೇ ಕೆಲಸ ಮುಗಿಸಿ. ಕೊಳ್ಳುವಾಗಲೂ ಲೆನ್ಸಿನ ಮೌಂಟ್ ಸುತ್ತ ರಬ್ಬರ್ ಉಂಗುರವಿದೆಯೇ, ಬ್ಯಾಟರಿ ಮತ್ತು ಕಾರ್ಡ್ ಬಾಗಿಲಿಗೆ ಸೀಲ್ ಇದೆಯೇ ಎಂದು ಬೆರಳಾಡಿಸಿ ನೋಡಿ. ನಮ್ಮ ಕಡೆ ಕ್ಯಾಮೆರಾದ ಆಯಸ್ಸು ಆ ರಬ್ಬರ್‌ನಲ್ಲಿದೆ.

ಇನ್ನು ಪರೀಕ್ಷೆ. ದೇಶ ಯಾವುದಾದರೂ ನಿಮ್ಮ ಕೈಗೆ ಬಂದ ಆ ಒಂದು ಪೀಸ್ ಸರಿಯಿದೆಯೇ ಎನ್ನುವುದು ಮುಖ್ಯ, ಅದಕ್ಕೆ ಒಂದು ಬೆಳಗು ಸಾಕು. ಬದಲಿಸಿಕೊಡಲು ಎಷ್ಟು ದಿನ ಅವಕಾಶ ಎಂದು ಬಿಲ್ ಮೇಲೆ ಬರೆಸಿಕೊಂಡು, ಆ ದಿನಗಳ ಒಳಗೇ ಮಾಡಿ.

ಬೆಳಿಗ್ಗೆ ಆರೂವರೆಯಿಂದ ಏಳೂವರೆಯೊಳಗೆ ಬಯಲಿಗೆ ಹೋಗಿ. ಬಿಸಿಲೇರಿದರೆ ಬಂಡೆಗಳಿಂದ ಏಳುವ ಬಿಸಿಗಾಳಿ ದೂರದ ಚಿತ್ರವನ್ನು ನೀರಿನಂತೆ ಕದಲಿಸುತ್ತದೆ, ಒಳ್ಳೆಯ ಲೆನ್ಸನ್ನೂ ಕೆಟ್ಟದ್ದೆಂದು ತೋರಿಸುತ್ತದೆ. ಟ್ರೈಪಾಡ್ ಹಾಕಿ ಸ್ಟೆಬಿಲೈಸರ್ ಆಫ್ ಮಾಡಿ, ಐಎಸ್‌ಒ 100 ಇಟ್ಟು, ಎರಡು ಸೆಕೆಂಡ್ ಟೈಮರ್ ಹಾಕಿ. ಲೆನ್ಸನ್ನು ಪೂರ್ತಿ ತೆರೆದಿಡಿ, ಎಫ್/1.8 ಇದ್ದರೆ ಎಫ್/1.8. ಐವತ್ತು ಮೀಟರ್‌ಗಿಂತ ಆಚೆ ಇರುವ, ಅಕ್ಷರ ಸ್ಪಷ್ಟವಿರುವ ಬೋರ್ಡ್ ಒಂದನ್ನು ಚಿತ್ರದ ನಡುವೆ ತಂದು ಫೋಕಸ್ ಮಾಡಿ, ಮ್ಯಾನುವಲ್‌ಗೆ ಬದಲಿಸಿ ಫೋಕಸ್ ಅಲುಗದಂತೆ ಬಿಡಿ. ಈಗ ಕ್ಯಾಮೆರಾವನ್ನು ತಿರುಗಿಸಿ ಅದೇ ಬೋರ್ಡ್ ನಾಲ್ಕು ಮೂಲೆಗಳಲ್ಲಿ ಒಂದೊಂದು ಸಲ ಬರುವಂತೆ ನಾಲ್ಕು ಚಿತ್ರ ತೆಗೆಯಿರಿ. ನಾಲ್ಕನ್ನೂ ಕಂಪ್ಯೂಟರ್‌ನಲ್ಲಿ ನೂರು ಪ್ರತಿಶತಕ್ಕೆ ಹಿಗ್ಗಿಸಿ ಹೋಲಿಸಿ. ನಾಲ್ಕೂ ಮೂಲೆ ಸಮನಾಗಿ ಮೆತ್ತಗಿದ್ದರೆ ಅದು ಲೆನ್ಸಿನ ಡಿಸೈನ್, ಎಲ್ಲ ಪೀಸ್‌ಗಳಲ್ಲೂ ಹಾಗೇ ಇರುತ್ತದೆ. ಒಂದು ಮೂಲೆಯೋ ಒಂದು ಬದಿಯೋ ಮಾತ್ರ ಕೆಟ್ಟಿದ್ದರೆ ಗಾಜು ಓರೆಯಾಗಿದೆ. ಅನುಮಾನವಿದ್ದರೆ ಅದೇ ಬಾಡಿಗೆ ಇನ್ನೊಂದು ಲೆನ್ಸ್ ಹಾಕಿ ಮತ್ತೆ ತೆಗೆಯಿರಿ. ಅದರಲ್ಲೂ ಅದೇ ಬದಿ ಮಸುಕಾದರೆ ದೋಷ ಬಾಡಿಯ ಮೌಂಟ್ ಅಥವಾ ಸೆನ್ಸರಿನದು. ಗೋಡೆಗೆ ಎದುರಾಗಿ ನಿಂತು ಒಂದೇ ಚಿತ್ರದಲ್ಲಿ ನೋಡುವವರು ಕ್ಯಾಮೆರಾವನ್ನು ತಲೆಕೆಳಗು ಮಾಡಿಯೂ ಒಂದು ತೆಗೆಯಬೇಕು. ಮಸುಕು ಗೋಡೆಯ ಅದೇ ಜಾಗದಲ್ಲಿ ಉಳಿದರೆ ನೀವು ಗೋಡೆಗೆ ಸರಿಯಾಗಿ ನೇರ ನಿಂತಿರಲಿಲ್ಲ, ಕ್ಯಾಮೆರಾದ ಜೊತೆ ತಿರುಗಿ ಆಚೆ ಹೋದರೆ ಲೆನ್ಸ್ ತಪ್ಪು.

ಬಾಡಿಗೆ ಇನ್ನೂ ಮೂರು ಪರೀಕ್ಷೆ ಬೇಕು. ಎಫ್/16ರಲ್ಲಿ ಮೋಡವಿಲ್ಲದ ಆಕಾಶವನ್ನು ಫೋಕಸ್ ತಪ್ಪಿಸಿ ತೆಗೆದರೆ ಸೆನ್ಸರ್ ಮೇಲಿನ ಧೂಳು, ಎಣ್ಣೆ ಚುಕ್ಕೆಯಾಗಿ ಕಾಣುತ್ತವೆ. ಹೊಸ ಬಾಡಿಯಲ್ಲಿ ಒಂದೆರಡು ಇದ್ದರೆ ಬ್ಲೋಯರ್‌ಗೆ ಹೋಗುತ್ತವೆ. ಐನೂರು ಚಿತ್ರ ತೆಗೆದ ಮೇಲೆ ಮತ್ತೆ ನೋಡಿ, ಒಂದೇ ಮೂಲೆಯಲ್ಲಿ ಹೆಚ್ಚುತ್ತಾ ಹೋದರೆ ಶಟರ್ ಕಡೆಯಿಂದ ಬರುತ್ತಿವೆ ಎಂದರ್ಥ. ಕ್ಯಾಪ್ ಮುಚ್ಚಿ 30 ಸೆಕೆಂಡಿನ ಒಂದು ಚಿತ್ರ ತೆಗೆದು ಬಣ್ಣದ ಚುಕ್ಕೆ ಎಷ್ಟಿವೆ ನೋಡಿ. ಬಿಸಿಯಾದ ಬಾಡಿಯಲ್ಲಿ ಇವು ಹೆಚ್ಚು ಬರುತ್ತವೆ, ಆದ್ದರಿಂದ ತಂಪು ಹೊತ್ತಿನಲ್ಲಿ ಮಾಡಿ. ಕೆಲವಿದ್ದರೆ, ಕೆಟ್ಟ ಪಿಕ್ಸೆಲ್ಲುಗಳನ್ನು ಗುರುತಿಸಿ ಮರೆಮಾಡುವ ಪಿಕ್ಸೆಲ್ ಮ್ಯಾಪಿಂಗ್‌ನಿಂದ ಹೋಗುತ್ತವೆ. ಅತಿ ವೇಗದ ಶಟರ್‌ನಲ್ಲಿ ಬಿಳಿ ಗೋಡೆ ತೆಗೆದಾಗ ಚಿತ್ರದ ಒಂದು ಅಂಚು ಕಪ್ಪಾದರೆ ಶಟರ್ ಪರದೆಗಳ ಹೊಂದಾಣಿಕೆ ತಪ್ಪಿದೆ. ಟ್ಯೂಬ್‌ಲೈಟ್, ಎಲ್‌ಇಡಿ ಕೆಳಗೆ ಇದನ್ನು ಮಾಡಿದರೆ ಬೆಳಕೇ ಪಟ್ಟೆಪಟ್ಟೆಯಾಗಿ ಮೋಸ ಮಾಡುತ್ತದೆ, ಹಗಲು ಬೆಳಕಿನಲ್ಲೇ ಮಾಡಬೇಕು.

ತಳದ ಅಕ್ಷರಕ್ಕಿಂತ ಡಬ್ಬಿಯ ಮೇಲಿನ ಸ್ಟಿಕ್ಕರನ್ನು ಹೆಚ್ಚು ಹೊತ್ತು ಓದಿ. ನಮ್ಮ ಕಾನೂನಿನ ಪ್ರಕಾರ ಆಮದು ಸರಕಿನ ಡಬ್ಬಿ ಮೇಲೆ ಆಮದುದಾರರ ಹೆಸರು-ವಿಳಾಸ, ತಯಾರಿಸಿದ ದೇಶ, ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಇರಬೇಕು. ಇವಿಲ್ಲದೆ ಬರೀ ಹೊರದೇಶದ ಡಬ್ಬಿ ಇದ್ದರೆ ಅದು ಕಂಪನಿಯ ಅಧಿಕೃತ ದಾರಿ ಬಿಟ್ಟು ಬಂದ ಗ್ರೇ ಮಾರ್ಕೆಟ್ ಪೀಸ್. ತಳದಲ್ಲಿ ಜಪಾನ್ ಎಂದಿದ್ದರೂ ಭಾರತದ ವಾರಂಟಿ ಸಿಗದೆ ಹೋಗಬಹುದು. "ಜಪಾನ್ ಪೀಸ್, ಬಿಲ್ ಬೇಡ ಅಂದ್ರೆ ಇಪ್ಪತ್ತು ಸಾವಿರ ಕಡಿಮೆ" ಎಂಬ ಮಾತು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಆ ಇಪ್ಪತ್ತು ಸಾವಿರ ಮೊದಲ ರಿಪೇರಿಗೇ ಹೋಗುತ್ತದೆ. ಡಬ್ಬಿ, ಬಾಡಿ, ವಾರಂಟಿ ಕಾರ್ಡ್ ಮೂರರ ಸೀರಿಯಲ್ ನಂಬರ್ ಒಂದೇ ಇರಬೇಕು, ಅದೇ ನಂಬರ್ ಜಿಎಸ್‌ಟಿ ಬಿಲ್ ಮೇಲೂ ಬರಬೇಕು.

ರಿಪೇರಿಗೆ ಬಳ್ಳಾರಿ, ಕೊಪ್ಪಳದವರು ಸಾಮಾನ್ಯವಾಗಿ ಬೆಂಗಳೂರಿಗೆ ಕಳಿಸುತ್ತಾರೆ, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಕೊಳ್ಳುವ ಮೊದಲೇ ಆ ಕಂಪನಿಯ ಸ್ವಂತ ಸರ್ವಿಸ್ ಸೆಂಟರ್ ಈ ಎರಡು ಊರುಗಳಲ್ಲಿ ಎಲ್ಲಿದೆ, ಬರೀ ಸಂಗ್ರಹ ಕೇಂದ್ರವೋ ಅಲ್ಲೇ ಬಿಚ್ಚಿ ಸರಿಮಾಡುತ್ತಾರೋ ಎಂದು ಫೋನ್ ಮಾಡಿ ಕೇಳಿ. ಕಳಿಸುವಾಗ ಸ್ಟ್ರಾಪ್, ಕಾರ್ಡ್, ಫಿಲ್ಟರ್ ತೆಗೆದಿಡಿ. ಬಾಡಿಯ ಆರೂ ಬದಿಗಳ ಫೋಟೋ ತೆಗೆದುಕೊಳ್ಳಿ, ಶಟರ್ ಎಷ್ಟು ಓಡಿದೆ ಎಂದು ಬರೆದಿಟ್ಟುಕೊಳ್ಳಿ. ದೋಷ ಕಾಣುವ ಎರಡು ಮೂಲ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ, ಯಾವ ಲೆನ್ಸ್, ಯಾವ ಅಪರ್ಚರ್, ಯಾವ ಮೂಲೆ ಎಂದು ಒಂದು ಚೀಟಿ ಇಡಿ. "ಫೋಕಸ್ ಸರಿಯಿಲ್ಲ" ಎಂದಷ್ಟೇ ಬರೆದು ಕಳಿಸಿದ ಬಾಡಿ, ಒರೆಸಿಕೊಂಡು ಹಾಗೇ ವಾಪಸ್ ಬರುವುದುಂಟು.